ಬೊಬ್ಬೆ ಎದ್ದದ್ದು ಯಾವ ಕೈಯಲ್ಲಿ?

ಉದ್ಯೋಗದ ನಿಮಿತ್ತ ಯೊಕೊಹಾಮಾದಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: "ಹನ್ನೆರಡು ವರ್ಷದ ಮಗ ಜಪಾನಿನ ಕತ್ತಿವರಸೆ ಕೆಂಡೊ ಕಲಿಯಲು ಸೇರಿ ನಾಲ್ಕು ತಿಂಗಳಾಯಿತು. ಬರೀ ಬಿದಿರುಕತ್ತಿ ಬೀಸಿಸುತ್ತಾರೆ. ಮನೆಯಲ್ಲೂ ದಿನಕ್ಕೆ 300 ಸಲ ಬೀಸುತ್ತಾನೆ. ಬಲಗೈಯಲ್ಲಿ ಬೊಬ್ಬೆ ಎದ್ದಿದೆ. ಶಿಸ್ತು ಎಂದರೆ ಇಷ್ಟೇನಾ? ಪಂದ್ಯಕ್ಕೆ ಇಳಿಸುವುದು ಯಾವಾಗ?"

ಮಾನ್ಯರೇ,

ನಿಮ್ಮ ಪತ್ರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಆ ಬಲಗೈ. ಶಿನಾಯ್ ಎಂದರೆ ನಾಲ್ಕು ಬಿದಿರುಪಟ್ಟಿ ಕೂಡಿಸಿ ಕಟ್ಟಿದ ಕತ್ತಿ. ಅದನ್ನು ಬೀಸುವ ಬಲ ಎಡಗೈಯದು. ಹಿಡಿಯ ತುದಿಯಲ್ಲಿ ಎಡಗೈಯ ಕಿರುಬೆರಳು, ಉಂಗುರಬೆರಳು ಬಿಗಿಯಾಗಿರಬೇಕು. ಬಲಗೈ ದಾರಿ ತೋರಿಸಿದರೆ ಸಾಕು. ಸರಿಯಾಗಿ ಬೀಸುವವರಿಗೆ ಬೊಬ್ಬೆ ಏಳುವುದೂ ಎಡ ಅಂಗೈಯಲ್ಲೇ, ಆ ಎರಡು ಬೆರಳುಗಳ ಬುಡದಲ್ಲಿ. ಹುಡುಗ ಬಲಗೈಯಿಂದ ಎಳೆದು ಹೊಡೆಯುತ್ತಿದ್ದಾನೆ. ಹಾಗೆ ಹೊಡೆದರೆ ಭುಜ ಸೆಟೆಯುತ್ತದೆ, ಕತ್ತಿಯ ತುದಿ ನೇರ ಇಳಿಯದೆ ವಾಲುತ್ತದೆ. ದಿನಕ್ಕೆ 300 ಸಲ ಗಟ್ಟಿಯಾಗುತ್ತಿರುವುದು ಈ ತಪ್ಪೇ.

ಅಭ್ಯಾಸಕ್ಕೆ ಜಪಾನಿಗರು ಹೇಳುವುದು 'ಕೇಯ್ಕೊ'. ಅದನ್ನು ಬರೆಯುವ ಎರಡು ಅಕ್ಷರಗಳಿಗೆ 'ಹಳೆಯದನ್ನು ಆಲೋಚಿಸು' ಎಂಬ ಅರ್ಥವಿದೆ. ಗುರು ತೋರಿಸಿದ ಏಟಿಗೂ ತನ್ನ ಏಟಿಗೂ ಎಲ್ಲಿ ಅಂತರ ಬಿತ್ತೆಂದು ಪ್ರತಿ ಸಲವೂ ನೋಡಿಕೊಳ್ಳಬೇಕು. ಶಿಸ್ತು ಬೇಕಾಗುವುದು ಅದಕ್ಕೇ. ತೋಳು ನೋಯಿಸಿಕೊಳ್ಳಲು ಹಟವೊಂದಿದ್ದರೆ ಆಯಿತು!

ಬೊಬ್ಬೆ ಮಾಗಿದ ಮೇಲೆ 300 ಬಿಟ್ಟು 30 ಬೀಸಲಿ, ಕನ್ನಡಿ ಮುಂದೆ ನಿಂತು. ಮೊದಲ ಹತ್ತು ಎಡಗೈ ಒಂದರಿಂದಲೇ. ನಿಂತಾಗ ಎಡಮುಷ್ಟಿ ಹೊಕ್ಕುಳಿಂದ ಒಂದು ಮುಷ್ಟಿಯಷ್ಟು ಮುಂದಿರಲಿ, ಎಡ ಹಿಮ್ಮಡಿ ನೆಲದಿಂದ ತುಸುವೇ ಎದ್ದಿರಲಿ. ಏಟು ಮುಗಿಯುವ ಗಳಿಗೆಯಲ್ಲಿ ಮಾತ್ರ ಒದ್ದೆ ಬಟ್ಟೆ ಹಿಂಡುವ ಹಾಗೆ ಎರಡೂ ಕೈ ಬಿಗಿಯಬೇಕು, ಮರುಕ್ಷಣವೇ ಸಡಿಲ. ಭುಜ ಮೇಲೇರತೊಡಗಿತೋ, ಎಣಿಕೆ ಎಷ್ಟೇ ಆಗಿರಲಿ, ಅಲ್ಲಿಗೇ ನಿಲ್ಲಿಸಲಿ.

ಪಂದ್ಯದ ಮಾತನ್ನು ಗುರುವಿಗೇ ಬಿಡಿ. ಕೆಂಡೊದ ಮೇಲ್ದರ್ಜೆಗಳಿಗೆ 'ದಾನ್' ಎನ್ನುತ್ತಾರೆ. 8ನೆಯ ದಾನ್ ಪರೀಕ್ಷೆಗೆ ಕೂರಲು 7ನೆಯದು ದಕ್ಕಿ 10 ವರ್ಷ ಕಳೆದಿರಬೇಕು, ವಯಸ್ಸು 46 ತುಂಬಿರಬೇಕು; ಅಷ್ಟಾಗಿಯೂ ತೇರ್ಗಡೆಯಾಗುವವರು ನೂರಕ್ಕೆ ಒಬ್ಬರ ಆಸುಪಾಸು. ನಿಮ್ಮ ನಾಲ್ಕು ತಿಂಗಳು ಯಾವ ಲೆಕ್ಕ? ಪಂದ್ಯದಲ್ಲೂ ಏಟು ತಾಗಿದರಷ್ಟೇ ಸಾಲದು, ಹೊಡೆದ ಮೇಲೂ ಎಚ್ಚರ ಸಡಿಲಬಾರದು. ಇದಕ್ಕೆ 'ಜಾನ್‌ಶಿನ್' ಎನ್ನುತ್ತಾರೆ. ಗೆದ್ದ ಖುಷಿಗೆ ಮುಷ್ಟಿ ಎತ್ತಿ ಕುಣಿದರೆ ತೀರ್ಪುಗಾರರು ಕೊಟ್ಟ ಅಂಕವನ್ನೇ ಕಿತ್ತುಕೊಳ್ಳಬಹುದು.

ಇನ್ನೊಂದು ವಿಷಯ, ನೀವು ಕೇಳದಿದ್ದರೂ. ದಿನವೂ ಶಿನಾಯನ್ನು ಬಟ್ಟೆಯಿಂದ ಒರೆಸಿ ನೋಡಲಿ. ನೂಲು ಸಿಕ್ಕಿಕೊಂಡರೆ ಸಿಬಿರೆದ್ದಿದೆ ಎಂದರ್ಥ, ಉಪ್ಪುಕಾಗದದಿಂದ ಉಜ್ಜಬೇಕು. ಬಿರುಕೇ ಬಿಟ್ಟಿದ್ದರೆ ಆ ಪಟ್ಟಿಯನ್ನು ಬದಲಿಸಿ. ಸಿಬಿರು ಮುಖರಕ್ಷೆಯ ಕಂಬಿಗಳ ನಡುವೆ ನುಗ್ಗಿದರೆ ಎದುರಾಳಿಯ ಕಣ್ಣಿಗೇ ಅಪಾಯ.

– ಸಂ.