ಸಂಸ್ಕೃತಿ ದಿನ ಮಾಡಿದ ಮೇಲೂ ಅಣಕ ನಿಂತಿಲ್ಲವೆಂದರೆ

ನಿಮ್ಮ ಶಾಲೆಯಲ್ಲಿ ಸಂಸ್ಕೃತಿ ದಿನ ಆಚರಿಸಿದ ಮೇಲೆ ವಲಸೆ ಕುಟುಂಬದ ಮಕ್ಕಳ ಮೇಲಿನ ಅಣಕ ಇನ್ನಷ್ಟು ಹೆಚ್ಚಿದೆ, ಏನು ಮಾಡಬೇಕು ಎಂದು ಕೇಳಿದಿರಿ. ಬಹುಶಃ ಆ ದಿನವೇ ಕಾರಣ. ಸಂಸ್ಕೃತಿ ಎಂದರೆ ವೇಷ, ಊಟ, ಕುಣಿತ ಎಂದಾದಾಗ ಒಂದು ಮಗು ಇಡೀ ಸಮುದಾಯದ ಪ್ರದರ್ಶನದ ವಸ್ತುವಾಗುತ್ತದೆ, ಉಳಿದವರು ಪ್ರೇಕ್ಷಕರಾಗುತ್ತಾರೆ.

ಮೊದಲು ಒಂದು ವಾರ ಏನನ್ನೂ ಬದಲಿಸದೆ ಗಮನಿಸಿ. ಊಟಕ್ಕೆ ಯಾರು ಎಲ್ಲಿ ಕೂರುತ್ತಾರೆ, ಆಟಕ್ಕೆ ಯಾರನ್ನು ಕೊನೆಗೆ ಕರೆಯುತ್ತಾರೆ, ಶಿಕ್ಷಕರೇ ಯಾರ ಹೆಸರನ್ನು ತಪ್ಪಾಗಿ ಹೇಳುತ್ತಾರೆ, ಎಲ್ಲ ಬರೆದಿಡಿ. ಕಂಡದ್ದು ಒಂದು ಕಾಲಂ, ಊಹಿಸಿದ್ದು ಇನ್ನೊಂದು. "ಮೂರು ಸಲ ಕೈ ಎತ್ತಿದ, ಯಾರೂ ಕೇಳಲಿಲ್ಲ" ಎಂಬುದು ಕಂಡದ್ದು; "ನಾಚಿಕೆ ಸ್ವಭಾವ" ಎಂಬುದು ಊಹೆ. ಇವೆರಡು ಬೆರೆತರೆ ಇಡೀ ವಾರದ ಕೆಲಸ ದಂಡ.

ಆಮೇಲೆ, ಒಪ್ಪಿಗೆ ಪಡೆದು, ಮನೆ ಭೇಟಿ. ಅಮೆರಿಕದ ಟೂಸಾನ್‌ನಲ್ಲಿ ಮಾನವಶಾಸ್ತ್ರಜ್ಞರ ಜೊತೆ ಸೇರಿ ಶಿಕ್ಷಕರು ಮಾಡಿದ್ದು ಇದನ್ನೇ: ಮನೆಯವರಿಗೆ ಯಾವ ಕೆಲಸ ಗೊತ್ತೆಂದು (ಕೃಷಿ, ಕಟ್ಟಡ, ರಿಪೇರಿ, ವ್ಯಾಪಾರ) ತಿಳಿದು ಅದನ್ನು ಪಾಠಕ್ಕೆ ತಂದರು. ದಾಖಲೆ ಪತ್ರಗಳ ಮಾತು ಎತ್ತಲೇಬೇಡಿ, ತಪಾಸಣೆಗೆ ಬಂದಂತೆ ಅನಿಸಿದರೆ ಬಾಗಿಲು ಮುಚ್ಚುತ್ತದೆ.

ನಂತರ 4-5 ಮಕ್ಕಳ ಮಿಶ್ರ ಗುಂಪು ಮಾಡಿ, ಪಾಠದ ಒಂದೊಂದು ಭಾಗ ಒಬ್ಬೊಬ್ಬರಿಗೆ ಕೊಡಿ. ಒಬ್ಬರನ್ನು ಬಿಟ್ಟರೆ ಉತ್ತರ ಪೂರ್ತಿಯಾಗಬಾರದು. ಸುಮ್ಮನೆ ಪಕ್ಕದಲ್ಲಿ ಕೂರಿಸಿದರೆ ಪ್ರಯೋಜನವಿಲ್ಲ.

ಅಣಕಕ್ಕೆ ಸಿಬ್ಬಂದಿಯ ಮಾತೇ ಇಂಬು ಕೊಡುತ್ತಿದೆಯೇ ಎಂದು ಇಲ್ಲಿಂದ ಹೇಳಲಾಗದು. ಟಿಪ್ಪಣಿಯಲ್ಲಿ ಹಾಗೆ ಕಂಡರೆ ಮನೆ ಭೇಟಿ, ಗುಂಪು ಎಲ್ಲಕ್ಕಿಂತ ಮೊದಲು ಶಿಕ್ಷಕರ ಸಭೆ ಕರೆಯಿರಿ.