ಮಾರ್ಕ್ವೆಜ್ ಯಾರಿಂದ ಏನು ಪಡೆದರು?

ಪ್ರಶ್ನೆ: ನಾನು ಕತೆ ಬರೆಯಲು ಆರಂಭಿಸಿದ್ದೇನೆ. ಮೆಚ್ಚಿನ ಲೇಖಕರನ್ನು ಓದಿದ ಮೇಲೆ ಬರೆದದ್ದೆಲ್ಲ ಅವರ ಧಾಟಿಯಲ್ಲೇ ಇರುತ್ತದೆ. ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಅವರಂಥವರನ್ನು ರೂಪಿಸಿದ ಪುಸ್ತಕಗಳು ಯಾವುವು? ಅವುಗಳ ಪ್ರಭಾವದಿಂದ ಅವರು ಹೇಗೆ ಹೊರಬಂದರು?
– ಓದುಗರೊಬ್ಬರು, ಸಾಗರ

ಉತ್ತರ: ಈ ಹಂತವನ್ನು ಕೊಲಂಬಿಯಾದ ಕಾದಂಬರಿಕಾರ ಮಾರ್ಕ್ವೆಜ್ ಕೂಡ ದಾಟಿಯೇ ಬಂದವರು. 1947ರಲ್ಲಿ, ಆ ದೇಶದ ರಾಜಧಾನಿ ಬೊಗೊಟಾದಲ್ಲಿ ಕಾನೂನು ವಿದ್ಯಾರ್ಥಿಯಾಗಿದ್ದಾಗ, ಗೆಳೆಯನೊಬ್ಬ ಕೊಟ್ಟ ಪುಸ್ತಕದಲ್ಲಿ ಅವರು ಕಾಫ್ಕಾನ ‘ಮೆಟಮಾರ್ಫಸಿಸ್’ ಓದಿದರು. ಬೆಳಗ್ಗೆ ಎಚ್ಚರಗೊಂಡ ಮನುಷ್ಯನೊಬ್ಬ ತಾನು ಕೀಟವಾಗಿರುವುದನ್ನು ಕಾಣುವ ಆ ಮೊದಲ ವಾಕ್ಯಕ್ಕೇ ಮಂಚದಿಂದ ಬೀಳುವಂತಾಯಿತೆಂದೂ, ಹೀಗೆಲ್ಲ ಬರೆಯಬಹುದೆಂದು ಗೊತ್ತಿದ್ದರೆ ಎಂದೋ ಬರೆಯಲು ತೊಡಗುತ್ತಿದ್ದೆನೆಂದೂ ಅವರು ಮುಂದೆ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್ 13ರಂದು ಅವರ ಮೊದಲ ಕತೆ ‘ಎಲ್ ಎಸ್ಪೆಕ್ತದೋರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಆ ಕಾಲದ ಕತೆಗಳು ಕೇವಲ ಓದಿನ ಬಲದಿಂದ ಬರೆದವು, ಸಾಹಿತ್ಯಕ್ಕೂ ಬದುಕಿಗೂ ಇರುವ ಕೊಂಡಿ ತಮಗಿನ್ನೂ ಸಿಕ್ಕಿರಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ನಿಮ್ಮ ತೊಡಕೂ ಇದೇ ಇರಬಹುದು.

ಆ ಕೊಂಡಿ ಸಿಕ್ಕಿದ್ದು ಅರಕತಾಕದಲ್ಲಿ. ಅಜ್ಜ ಅಜ್ಜಿಯರೊಂದಿಗೆ ಬಾಲ್ಯ ಕಳೆದ ಆ ಊರಿನ ಹಳೆಯ ಮನೆಯನ್ನು ಮಾರಲೆಂದು ತಾಯಿ ಅವರನ್ನು ಜತೆಗೆ ಕರೆದೊಯ್ದಾಗ ಅವರಿನ್ನೂ ಇಪ್ಪತ್ತರ ಹರೆಯದಲ್ಲಿದ್ದರು, ಪ್ರಯಾಣದಲ್ಲಿ ಓದಲು ಹಿಡಿದಿದ್ದದ್ದು ವಿಲಿಯಂ ಫಾಕ್ನರನ ‘ಲೈಟ್ ಇನ್ ಆಗಸ್ಟ್’ ಕಾದಂಬರಿಯನ್ನು. ಅಮೆರಿಕದ ಬಾಳೆಹಣ್ಣಿನ ಕಂಪನಿ ಬಂದು ಹೋದ ಮೇಲೆ ಉಳಿದಿದ್ದ ಆ ಊರಿನ ಧೂಳು, ಸೆಖೆ, ಪಾಳುಬಿದ್ದ ವೈಭವ, ಇವೆಲ್ಲವೂ ಫಾಕ್ನರನ ಅಮೆರಿಕದ ದಕ್ಷಿಣ ಸೀಮೆಯನ್ನೇ ಹೋಲುತ್ತಿದ್ದುದನ್ನು ಅವರು ಕಂಡರು. ಫಾಕ್ನರ್ ಅವರಿಗೆ ಕೊಟ್ಟದ್ದು ಕಥಾವಸ್ತುವನ್ನಲ್ಲ, ತಮ್ಮಲ್ಲೇ ಇದ್ದ ವಸ್ತು ಬರೆಯಲು ಯೋಗ್ಯವಾದದ್ದು ಎಂಬ ಧೈರ್ಯವನ್ನು ಎಂದು ನನಗನ್ನಿಸುತ್ತದೆ. ಹಾಗೆಂದು ಪ್ರಭಾವ ಅಳಿಸಿಹೋಗಲಿಲ್ಲ. 1955ರ ಮೊದಲ ಕಾದಂಬರಿ ‘ಲಾ ಹೋಹರಾಸ್ಕಾ’ದಲ್ಲಿ ಶವವೊಂದರ ಬಳಿ ಕುಳಿತ ಹುಡುಗ, ತಾಯಿ ಮತ್ತು ಅಜ್ಜ ಸರದಿಯಂತೆ ನಡೆಸುವ ಸ್ವಗತಗಳ ಹಿಂದೆ ಫಾಕ್ನರ್ ಸ್ಪಷ್ಟವಾಗಿ ಕಾಣುತ್ತಾನೆ, ಊರಿಗೆ ಬೇಡವಾದವನ ಶವಸಂಸ್ಕಾರದ ಆ ಕತೆಗೆ ಗ್ರೀಕ್ ನಾಟಕಕಾರ ಸೊಫೋಕ್ಲಿಸನ ‘ಆಂಟಿಗೊನೆ’ಯ ಸಾಲುಗಳೇ ಮುನ್ನುಡಿಯಾಗಿವೆ. ಸಾಲವನ್ನು ಅವರು ಮುಚ್ಚಿಡಲಿಲ್ಲ. 1982ರ ನೊಬೆಲ್ ಭಾಷಣದಲ್ಲೂ ಫಾಕ್ನರನನ್ನು ತಮ್ಮ ಗುರುವೆಂದೇ ಕರೆದರು.

ಮುಂದಿನ ತಿರುವು 1961ರಲ್ಲಿ ಅವರು ಮೆಕ್ಸಿಕೊ ನಗರಕ್ಕೆ ಬಂದ ಮೇಲಿನದು. ಬರೆಯಬೇಕಾದ ಪುಸ್ತಕಗಳು ಇನ್ನೂ ಹಲವಿದ್ದರೂ ಅವನ್ನು ನಂಬುವಂತೆ ಬರೆಯುವ ದಾರಿ ಮುಚ್ಚಿಹೋಗಿದೆ ಎಂದು ಅವರಿಗೆ ಅನ್ನಿಸುತ್ತಿದ್ದ ಕಾಲ ಅದು. ಕವಿಮಿತ್ರ ಆಲ್ವಾರೊ ಮೂತಿಸ್ ಪುಸ್ತಕಗಳ ಕಟ್ಟು ಹೊತ್ತು ಮಹಡಿ ಹತ್ತಿ ಬಂದು, ಅದರಲ್ಲಿದ್ದ ತೀರ ಸಣ್ಣದೊಂದನ್ನು ಕೈಗಿತ್ತು, ಓದಿ ಕಲಿಯಿರೆಂದರು. ಅದು ಮೆಕ್ಸಿಕೊದ ಲೇಖಕ ಹುವಾನ್ ರುಲ್ಫೊನ ‘ಪೆಡ್ರೊ ಪರಾಮೊ’ ಕಾದಂಬರಿ. ಆ ರಾತ್ರಿ ಅದನ್ನು ಎರಡು ಬಾರಿ ಓದಿ ಮುಗಿಸಿದ ಮೇಲೆಯೇ ಮಾರ್ಕ್ವೆಜ್‌ಗೆ ನಿದ್ದೆ ಹತ್ತಿದ್ದು. ತಂದೆಯನ್ನು ಹುಡುಕಿ ಮಗನೊಬ್ಬ ಬರುವ ಆ ಊರಿನಲ್ಲಿ ಮಾತನಾಡುವವರೆಲ್ಲ ಸತ್ತವರು, ಆದರೆ ಲೇಖಕ ಅದಕ್ಕಾಗಿ ದನಿ ಏರಿಸುವುದಿಲ್ಲ, ವಿವರಣೆಯನ್ನೂ ಕೊಡುವುದಿಲ್ಲ. ಅರಕತಾಕದ ಅಜ್ಜಿ ದೆವ್ವಗಳ ಸಂಗತಿಯನ್ನು ಹೇಳುತ್ತಿದ್ದುದೂ ಹಾಗೆಯೇ, ಮುಖಭಾವ ಒಂದಿಷ್ಟೂ ಬದಲಾಗದಂತೆ. 1967ರ ‘ನೂರು ವರ್ಷಗಳ ಏಕಾಂತ’ದಲ್ಲಿ ಕೊಲೆಯಾದ ಪ್ರುದೆನ್ಸಿಯೊ ಅಗಿಲಾರ್ ಸಾವಿನ ಲೋಕದಲ್ಲೂ ಮುಪ್ಪಾಗುತ್ತ, ತನ್ನನ್ನು ಕೊಂದವನನ್ನೇ ಹುಡುಕಿಕೊಂಡು ಬರುತ್ತಾನೆ. ಅದನ್ನು ಓದುವಾಗ ರುಲ್ಫೊ ನೆನಪಾಗುತ್ತಾನೆ, ಆದರೆ ಆ ಮುದಿ ಪ್ರೇತದ ಒಂಟಿತನ ಮಾತ್ರ ಮಾರ್ಕ್ವೆಜ್ ಅವರದೇ.

ಆದ್ದರಿಂದ ಧಾಟಿ ಬಂದುಬಿಡುವುದಕ್ಕೆ ಅಂಜಿ ಓದನ್ನು ನಿಲ್ಲಿಸಬೇಡಿ. ಒಬ್ಬರನ್ನೇ ಓದುವುದನ್ನು ನಿಲ್ಲಿಸಿ. ಕಾಫ್ಕಾ, ಫಾಕ್ನರ್ ಮತ್ತು ರುಲ್ಫೊ ಪರಸ್ಪರ ಹೋಲದ ಲೇಖಕರಾಗಿದ್ದುದೇ ಮಾರ್ಕ್ವೆಜ್‌ಗೆ ಅನುಕೂಲವಾಯಿತು.

ಪ್ರಶ್ನೆ: ಇಂಥ ಪುಸ್ತಕಗಳನ್ನು ಅನುವಾದದಲ್ಲಿ ಓದಿದರೆ ನಿಜವಾದ ಪ್ರಯೋಜನವಿದೆಯೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಖಂಡಿತ ಇದೆ. ಮಾರ್ಕ್ವೆಜ್ ಕಾಫ್ಕಾನನ್ನು ಓದಿದ್ದು ಜರ್ಮನ್ ಭಾಷೆಯಲ್ಲಲ್ಲ, ಬ್ಯೂನಸ್ ಐರಿಸ್‌ನಿಂದ ಬಂದ ಸ್ಪ್ಯಾನಿಷ್ ಅನುವಾದದಲ್ಲಿ. ಅದರ ಮೇಲೆ ಅರ್ಜೆಂಟೀನಾದ ಲೇಖಕ ಬೋರ್ಹೆಸ್‌ನ ಹೆಸರಿತ್ತು, ಆದರೆ ‘ಮೆಟಮಾರ್ಫಸಿಸ್’ ತನ್ನ ಅನುವಾದವಲ್ಲವೆಂದು ಬೋರ್ಹೆಸ್ ಮುಂದೆ ತಿಳಿಸಿದ. ಹೀಗೆ, ಒಬ್ಬ ಲೇಖಕನನ್ನು ಮಂಚದಿಂದ ಬೀಳಿಸಿದ ಆ ವಾಕ್ಯವನ್ನು ಸ್ಪ್ಯಾನಿಷ್‌ಗೆ ತಂದವರ ಹೆಸರು ಪುಸ್ತಕದ ಮೇಲೇ ಇರಲಿಲ್ಲ! ವರ್ಜೀನಿಯಾ ವುಲ್ಫ್‌ಳ ‘ಮಿಸೆಸ್ ಡ್ಯಾಲೊವೆ’ಯನ್ನು ಸ್ಪ್ಯಾನಿಷ್‌ನಲ್ಲಿ ಹೊರತಂದದ್ದು ಅದೇ ನಗರದ ಸುದಾಮೆರಿಕಾನಾ ಪ್ರಕಾಶನ, ಕೊಲಂಬಿಯಾದ ಬರಾಂಕಿಯಾ ನಗರದ ಪತ್ರಿಕೆಯಲ್ಲಿ ಅಂಕಣ ಬರೆಯುವಾಗ ಆ ಕಾದಂಬರಿಯ ಪಾತ್ರವಾದ ‘ಸೆಪ್ಟಿಮಸ್’ ಎಂಬ ಹೆಸರನ್ನೇ ಮಾರ್ಕ್ವೆಜ್ ಕಾವ್ಯನಾಮ ಮಾಡಿಕೊಂಡಿದ್ದರು. ‘ನೂರು ವರ್ಷಗಳ ಏಕಾಂತ’ವನ್ನು ಮೊದಲು ಪ್ರಕಟಿಸಿದ್ದು ಕೂಡ ಅದೇ ಸುದಾಮೆರಿಕಾನಾ.