ಮಾರ್ಕೆಟ್ ಶಾಟ್‌ನಲ್ಲಿ ಬೆಳಕು ಮಿಣುಕೋದಕ್ಕೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸಂಜೆ ಮೊಬೈಲಲ್ಲಿ ತೆಗೆದ ಶಾಟ್ ಮಿಣಮಿಣ ಅಂತಿದೆ, ಕೋರ್ಸಿಗೆ ಅಂತ ಹೊಸ ಕ್ಯಾಮೆರಾ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾ ಬಿಡಲ್ಲ. ಆಟೋ ಮೋಡಲ್ಲಿ ಶಟರ್, ಅಂದ್ರೆ ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಸಮಯ, ತನ್ನಿಷ್ಟಕ್ಕೆ ಬದಲಾಗುತ್ತೆ, ಈ ಏರಿಳಿತಕ್ಕೆ ಹೊಂದಲ್ಲ. ಸೆಟ್ಟಿಂಗ್ ಕೈಯಾರೆ ಬದಲಿಸೋ (ಮ್ಯಾನುವಲ್) ಆ್ಯಪ್ ಹಾಕಿಕೊಂಡು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡಿಗೆ ಲಾಕ್ ಮಾಡಿ; ಆಗ ಪ್ರತಿ ಫ್ರೇಮಿಗೂ ಒಂದೇ ಸಮ ಬೆಳಕು ಸಿಗುತ್ತೆ. ಬೆಳಕು ಜಾಸ್ತಿಯಾದ್ರೆ 1/100.

ನಾನು ಮೊದಲ ಸೆಮಿಸ್ಟರಲ್ಲಿ ಅಲ್ಲೇ ಹೂವಿನ ಸಾಲಲ್ಲಿ ಎಡವಿದ್ದು ಬೆಳಕಲ್ಲಲ್ಲ, ಸದ್ದಲ್ಲಿ. ಮಲ್ಲಿಗೆ ಕಟ್ಟೋ ಬೆರಳುಗಳು ಚೆನ್ನಾಗೇ ಬಂದಿದ್ವು. ಎಡಿಟ್‌ಗೆ ಕೂತ್ರೆ ಒಂದು ಶಾಟಿಂದ ಇನ್ನೊಂದಕ್ಕೆ ಹೋಗೋ ಒಂದೊಂದು ಕಟ್‌ಗೂ ಹಿನ್ನೆಲೆಯ ಗಲಾಟೆ ಎಗರುತ್ತಿತ್ತು! ಮಾರನೇ ದಿನ ಮತ್ತೆ ಹೋಗಿ, ತುಟಿ ಬಿಚ್ಚದೆ ಒಂದು ನಿಮಿಷ ಬರೀ ಮಾರ್ಕೆಟ್ಟಿನ ಸದ್ದು ರೆಕಾರ್ಡ್ ಮಾಡಿಕೊಂಡು ಎಲ್ಲ ಕಟ್‌ಗಳ ಅಡಿಗೆ ಹಾಸಿದೆ. ಸರಿಹೋಯ್ತು. ಹೂವಿನ ಅಜ್ಜಿ ಮಾತ್ರ, "ಎರಡು ದಿನದಿಂದ ಬರೀ ಫೋನ್ ಹಿಡ್ಕೊಂಡ್ ನಿಂತಿದೀಯಲ್ಲಪ್ಪ, ಒಂದ್ ಮೊಳನಾದ್ರೂ ತಗೋ" ಅಂದ್ರು. ನೀವು ಮೊದಲೇ ತಗೊಂಡು ಆಮೇಲೆ ಫೋನ್ ತೆಗೀರಿ.